ಮೂರು ಬಣ್ಣದ ಗಂಡು ಬೆಕ್ಕು

ಬಾಳ ಕಾಲದ ಹಿಂದೆ ಹೊನ್ನಗಿರಿ ಅಂತ ಒಂದು ರಾಜ್ಯ ಇತ್ತು. ರಾಜನೂ ಇದ್ದ, ಹೆಸರಿಗೆ. ಆಳ್ತಿದ್ದೋನು ಬೆಟ್ಟದ ಮೇಲಿನ ಮಾಯಗಾರ ಮಸಣಯ್ಯ. ಈ ಕತೇನ ಬೇರೆಯೋರು ಏನೇನೋ ಹೇಳ್ತಾರೆ, ಅವ್ರಿಗೇನು ಗೊತ್ತು. ಆದದ್ದು ಹಿಂಗೆ.

ಬೆಟ್ಟದ ಬುಡದಲ್ಲಿ ಬಣ್ಣಗಾರ ತಿಪ್ಪಯ್ಯ ಇದ್ದ. ಅವನು ಹಂಡೇಲಿ ಅದ್ದಿದ ಸೀರೆ ಹರಿದು ಚಿಂದಿಯಾದ್ರೂ ಬಣ್ಣ ಬಿಡ್ತಿರಲಿಲ್ಲ. ಒಂದಿನ ಮಸಣಯ್ಯ ತನ್ನ ನಿಲುವಂಗಿಗೆ ಬಣ್ಣ ಹಾಕ್ಸೋಕೆ ಬಂದ. ಗಬ್ಬು ನಾರ್ತಿದೆ, ಮೊದ್ಲು ಒಗ್ಕೊಂಡು ಬಾ ಅಂದ್ಲು ತಿಪ್ಪಯ್ಯನ ಹೆಂಡ್ತಿ ಸಾಕವ್ವ. ಅಷ್ಟೇ. ಅವಳ ಪಾದ ಕಲ್ಲಾಯ್ತು. ಮಸಣಯ್ಯ ಅವಳನ್ನ ಹೊತ್ಕೊಂಡು ಹೋಗಿ ಬೆಟ್ಟದ ಮೇಲಿನ ತನ್ನ ಗುಹೆ ಬಾಗಿಲಲ್ಲಿ ನಿಲ್ಲಿಸ್ದ.

ತಿಪ್ಪಯ್ಯ ಹೋಗಿ ಕಾಲಿಗೆ ಬಿದ್ದ. ಮಸಣಯ್ಯನ ತೊಡೆ ಮೇಲೆ ಒಂದು ಹೆಣ್ಣು ಬೆಕ್ಕು ಮಲಗಿತ್ತು. ಕೆಂಪು, ಕಪ್ಪು, ಬಿಳಿ, ಮೂರೂ ಅದರ ಮೈಮೇಲೆ. ಅವನ ಪ್ರಾಣ ಇದ್ದದ್ದು ಅದರೊಳಗೆ. ಬೇರೆಯೋರು ಮುಟ್ಟಿದ್ರೆ ಅಲ್ಲೇ ಕಲ್ಲು. ಬೆಕ್ಕಿಗೋ ವಯಸ್ಸಾಗಿತ್ತು. ಇಂಥದೇ ಮೂರು ಬಣ್ಣದ ಗಂಡು ತಗೊಂಡು ಬಾ, ಮರಿ ಹುಟ್ಟಿದ್ರೆ ನನ್ನ ಪ್ರಾಣ ಅದಕ್ಕೆ ದಾಟಿಸ್ತೀನಿ, ನಿನ್ನ ಹೆಂಡ್ತೀನ ಬಿಡ್ತೀನಿ, ತಪ್ಪಿದಾಗೆಲ್ಲ ಅವಳ ಮೈಲಿ ಕಲ್ಲು ಮೇಲೇರುತ್ತೆ ಅಂದ.

ತಿಪ್ಪಯ್ಯ ಸಂತೇಲಿ ಅಂಥ ಬೆಕ್ಕು ಕಂಡ. ಬಣ್ಣಗಾರ ನೋಡಿ, ಕೆಂಪು ಎಷ್ಟು ಗಟ್ಟಿ, ಕಪ್ಪು ಎಷ್ಟು ಗಟ್ಟಿ ಅಂತ ಬಿಸಿಲಿಗೆ ಹಿಡಿದು ನೋಡ್ದ, ಚೀಲಕ್ಕೆ ಹಾಕ್ಕೊಂಡು ಓಡ್ದ. ಬಾಲ ಎತ್ತಿ ನೋಡಲಿಲ್ಲ. ಮಸಣಯ್ಯ ಎತ್ತಿ ನೋಡ್ದ. ಹೆಣ್ಣು. ಕಲ್ಲು ಮಂಡಿಗೆ ಬಂತು.

ಊರೂರು ಅಲೆದ. ಮೂರು ಬಣ್ಣದ್ದೆಲ್ಲ ಹೆಣ್ಣೇ. ಗಂಡು ಅಂದ್ರೆ ಒಂದೋ ಕೆಂಪು, ಇಲ್ಲ ಕಪ್ಪು. ಎರಡೂ ಒಂದೇ ಮೈಮೇಲೆ ಇಲ್ಲ. ಕೊನೆಗೆ ಕೆಂಪು ಬಿಳೀ ಗಂಡೊಂದನ್ನ ಹಿಡಿದು ಅಳಲೆಕಾಯಿ ರಸ, ತುಕ್ಕಿನ ನೀರು ಬಳಿದು ಕಪ್ಪು ಮಚ್ಚೆ ಇಟ್ಟ. ಬಟ್ಟೆಯಾದ್ರೆ ಕುದಿಸಿ ಬಣ್ಣ ಕೂರಿಸ್ಬೋದು. ಬೆಕ್ಕನ್ನ ಕುದಿಸೋಕಾಗುತ್ತಾ? ಅದು ಮಸಣಯ್ಯನ ಮುಂದೇನೇ ಕೂತು ಮೈಯೆಲ್ಲ ನೆಕ್ಕೊಂಡು ಮಚ್ಚೆ ಅಳಿಸ್ತು. ಕಲ್ಲು ಸೊಂಟಕ್ಕೆ ಬಂತು.

ಮೂರನೇ ಸಲ, ಕಾಡಾಚೆ ಊರಲ್ಲಿ, ಗಾಣದ ದೇವೀರಮ್ಮನ ಮನೇಲಿ ಸಿಕ್ತು. ಬಾಲ ಎತ್ತಿ ನೋಡ್ದ. ಗಂಡೇ. ಬಣ್ಣ ಮೂರೂ ಅದರವೇ.

"ತಗೊಂಡೋಗಪ್ಪ," ಅಂದ್ಲು ದೇವೀರಮ್ಮ. "ಕೇರಿ ಹೆಣ್ಣು ಬೆಕ್ಕಿನ ಹಿಂದೆಲ್ಲ ಸುತ್ತುತ್ತೆ, ಒಂದು ಮರಿ ಕಾಣೆ. ಇಂಥ ಗಂಡು ಬರಡು ಅಂತ ನಮ್ಮಜ್ಜೀನೂ ಹೇಳ್ತಿದ್ಲು."

ತಿಪ್ಪಯ್ಯ ಲೆಕ್ಕ ಹಾಕ್ದ. ಒಯ್ದ್ರೆ ಮರಿ ಇಲ್ಲ. ಬರಿಗೈಲಿ ಹೋದ್ರೆ ಹೆಂಡ್ತಿ ಇಲ್ಲ. ಬೆಕ್ಕನ್ನ ಎದೆಗವುಚಿಕೊಂಡು ಬೆಟ್ಟ ಹತ್ತಿದ.

ಮಸಣಯ್ಯ ನೋಡಿ ಕುಣಿದ. ಆದ್ರೆ ಸಾಕವ್ವನ್ನ ಬಿಡಲಿಲ್ಲ, ಮರಿ ಹುಟ್ಲಿ ಅಂದ. ಒಂದೊಂದು ಬೇಸಿಗೆ ಬಂದಾಗ್ಲೂ ಹೆಣ್ಣು ಬೆಕ್ಕಿನ ಹೊಟ್ಟೆ ಸವರಿ ನೋಡೋನು. ಖಾಲಿ. ಒಂದೊಂದು ಸಲಕ್ಕೂ ಕಲ್ಲು ಏರ್ತಿತ್ತು. ಎದೆಗೆ ಬಂತು. ಕತ್ತಿಗೆ ಬಂತು. ತಿಪ್ಪಯ್ಯ ಪಕ್ಕದಲ್ಲೇ ಕೂತು ಗಂಜಿ ಕುಡಿಸ್ತಿದ್ದ, ಅಳ್ತಿದ್ದ. ನಿಜ ಅವಳಿಗೂ ಹೇಳಲಿಲ್ಲ. ಆ ಗುಹೆ ಗೋಡೆ ಕೇಳಿದ್ದನ್ನೆಲ್ಲ ಮಸಣಯ್ಯನಿಗೆ ಒದರ್ತಿತ್ತು. ಕಲ್ಲು ಗದ್ದ ಮುಟ್ಟಿದ ಮೇಲೆ ಗಂಜೀನೂ ಹನಿ ಹನಿ.

ತುಟಿ ಅಂಚಿಗೆ ಕಲ್ಲು ಬಂದ ದಿನ ಮುದಿ ಬೆಕ್ಕು ಮಸಣಯ್ಯನ ತೊಡೆ ಮೇಲೇ ಒಂದು ಸಲ ಆಕಳಿಸ್ತು, ಮತ್ತೆ ಬಾಯಿ ಮುಚ್ಚಲಿಲ್ಲ. ಅವನೂ ಕೂತಲ್ಲೇ ಬೂದಿಯಾದ. ಬೆಟ್ಟದ ತುಂಬ ಕಲ್ಲಾಗಿದ್ದೋರು ಮೈ ಕೊಡವಿ ಎದ್ರು.

ಸಾಕವ್ವನ ಕಲ್ಲೂ ಉದುರ್ತು. ಅವಳ ತಲೆಯೆಲ್ಲ ನರೆತಿತ್ತು. ತಿಪ್ಪಯ್ಯ ನಡೆದದ್ದೆಲ್ಲ ಹೇಳ್ದ.

"ಮರಿ ಆಗಲ್ಲ ಅಂತ ಮೊದ್ಲೇ ಗೊತ್ತಿತ್ತೇನಯ್ಯ?" ಅಂತ ಕೇಳಿದ್ಲು.

"ಗೊತ್ತಿತ್ತು."

"ಮತ್ಯಾಕೆ ದಿನಾ ಅಳ್ತಿದ್ದೆ?"

"ಮೊದ್ಲು ಹೋಗೋದು ಆ ಬೆಕ್ಕೋ ನೀನೋ, ಅದು ಗೊತ್ತಿರಲಿಲ್ಲವಲ್ಲೇ."

ಕೈ ಕೈ ಹಿಡ್ಕೊಂಡು ಬೆಟ್ಟ ಇಳಿದ್ರು. ಸುಖವಾಗಿದ್ರು, ಉಳಿದಿದ್ದ ಅಷ್ಟೂ ದಿನ.