ಒಂಬತ್ತು ಕಂಬ ಗಿಡ್ಡ

"ದಿನಕ್ಕೊಂದು ಪಡಿ ಅಕ್ಕಿ ಎಲ್ಲಿಗೆ ಹೋಗ್ತಾ ಇದೆ, ಸಂಗೀತಾ ಟೀಚರ್?"

ಹೆಡ್‌ಮಾಸ್ಟರ್ ಮುರುಗೇಶ್ ನನ್ನ ಮೂರನೇ ತರಗತಿಯ ಗೋಡೆಯ ಮುಂದೆ ನಿಂತಿದ್ದರು. ಗೋಡೆಯ ಮೇಲೆ ಮಕ್ಕಳು ಅಂಟಿಸಿದ ಗ್ರಾಫ್. ಹಳೇ ಕ್ಯಾಲೆಂಡರ್ ಕತ್ತರಿಸಿ ಮಾಡಿದ ಚೌಕಗಳು. ಮಧ್ಯಾಹ್ನದ ಊಟಕ್ಕೆ ಅಳೆದ ಒಂದೊಂದು ಪಡಿ ಅಕ್ಕಿಗೆ ಒಂದೊಂದು ಚೌಕ. ಹತ್ತು ದಿನಕ್ಕೆ ಹತ್ತು ಕಂಬ.

ಅವರ ಕೈಯಲ್ಲಿ ಅಡುಗೆಮನೆಯ ರಿಜಿಸ್ಟರ್ ಇತ್ತು. ಅದರಲ್ಲಿ ಐದು ಪಡಿ ಇದ್ದ ದಿನ ಗೋಡೆಯಲ್ಲಿ ನಾಲ್ಕು. ಅದರಲ್ಲಿ ನಾಲ್ಕಿದ್ದ ದಿನ ಗೋಡೆಯಲ್ಲಿ ಮೂರು. ಒಂಬತ್ತು ಕಂಬಗಳೂ ಹೀಗೇ ಗಿಡ್ಡ. ಹೋದ ಗುರುವಾರದ ಕಂಬ ಒಂದೇ ಸರಿ.

"ಗುರುವಾರ ಪಾಪಾತಿ ರಜಾ. ಪುರಿಯುದಾ?" ಎಂದರು ತಮಿಳಿನಲ್ಲಿ.

ಅರ್ಥವಾಗದೆ ಏನು? ಪಾಪಾತಿ ನಮ್ಮ ಶಾಲೆಯ ಅಡುಗೆಯವಳು, ಹನ್ನೊಂದು ವರ್ಷದಿಂದ. ಗಂಡ ಇಲ್ಲ. ಈ ಕೆಲಸ ಹೋದರೆ ಅವಳ ಒಲೆಯೂ ಉರಿಯುವುದಿಲ್ಲ. ಮುರುಗೇಶ್ ಕೆಟ್ಟವರೇನಲ್ಲ. ಆದರೆ ಮಕ್ಕಳ ಅನ್ನದ ವಿಷಯ ಬಂದರೆ ಅವರು ಯಾರ ಮುಖವನ್ನೂ ನೋಡುವುದಿಲ್ಲ.

"ಹನ್ನೆರಡರ ಬಸ್ಸಿಗೆ ಪೆನ್ನಾಗರಂ ಆಫೀಸಿಗೆ ದೂರು ಕಳಿಸ್ತೀನಿ," ಎಂದು ಹೊರಟೇಬಿಟ್ಟರು.

ಹಾಳಾದ ಗ್ರಾಫು! ಪುಸ್ತಕದಲ್ಲಿರುವ ಸೇಬು, ಕಿತ್ತಳೆ ಎಣಿಸಿಕೊಂಡು ತೆಪ್ಪಗಿರಬಾರದಿತ್ತೇ ನಾನು?

ಹತ್ತೂವರೆಯ ಬಸ್ಸಿಗೆ ಗಂಗೂಬಾಯಿ ಬಂದರು. ಸೇಲಂನ ನಮ್ಮ ಕನ್ನಡದವರೇ. ಮೂರು ಜನಗಣತಿಯಲ್ಲಿ ಮನೆಮನೆ ಎಣಿಸಿ ನಿವೃತ್ತರಾದವರು. ತಿಂಗಳಿಗೊಮ್ಮೆ ಬಂದು ನಮ್ಮ ಮಕ್ಕಳಿಗೆ ಲೆಕ್ಕ ಕೂಡಿಹಾಕಿ ಚಿತ್ರ ಮಾಡುವುದನ್ನು ಕಲಿಸುತ್ತಾರೆ. ತಾವು ಉಣ್ಣುವ ಅಕ್ಕಿಯನ್ನೇ ಮಕ್ಕಳು ಎಣಿಸಲಿ ಎಂದವರೂ ಅವರೇ.

ಎಲ್ಲ ಕೇಳಿಕೊಂಡು ಗೋಡೆ ನೋಡಿದರು. "ಆಹಾ, ಎಷ್ಟು ನೇರವಾಗಿ ಅಂಟಿಸಿವೆ!"

ನನಗೆ ಮೈಯೆಲ್ಲ ಉರಿಯಿತು. "ಅಮ್ಮಾ, ಒಬ್ಬಳ ಅನ್ನ ಹೋಗ್ತಿದೆ!"

"ಅದಕ್ಕೇ ನೋಡ್ತಿರೋದು. ಪಾಪಾತಿಯನ್ನ ಕರಿ. ಸಾರ್‌ನೂ ಕರಿ."

ಪಾಪಾತಿ ಸೆರಗಿನಲ್ಲಿ ಮೂಗು ಒರೆಸುತ್ತ ಬಂದಳು. ಹಿಂದೆಯೇ ಮುರುಗೇಶ್ ಬಂದರು.

"ಅಕ್ಕಿ ತಗೊಂಡ್ಯಾ?" ಎಂದರು ಗಂಗೂಬಾಯಿ.

"ಇಲ್ಲಮ್ಮಾ, ಮಾದಪ್ಪನ ಆಣೆ! ಐದು ಅಂದ್ರೆ ಐದೇ ಅಳ್ದಿವ್ನಿ."

"ಮಕ್ಕಳಿಗೆ ಅನ್ನ ಕಮ್ಮಿ ಬಿತ್ತಾ?"

"ಎರಡ್ನೇ ಸಲ ಕೇಳ್ದೋರ್ಗೂ ಆಕಿವ್ನಿ. ಮಕ್ಳನ್ನೇ ಕೇಳಿ."

ಗಂಗೂಬಾಯಿ ಮುರುಗೇಶರ ಕಡೆ ತಿರುಗಿದರು. "ಐದು ಪಡಿ ಬೇಯಿಸಿದ ದಿನವೂ ಕಾಣೆಯಾದದ್ದು ಒಂದು. ನಾಲ್ಕು ಬೇಯಿಸಿದ ದಿನವೂ ಒಂದೇ. ಇಷ್ಟು ಶಿಸ್ತಿನ ಕಳ್ಳರನ್ನ ನಾನಂತೂ ಕಂಡಿಲ್ಲ, ಸಾರ್."

"ಗುರುವಾರ ಮಾತ್ರ ಯಾಕೆ ಸರಿ? ಅದು ಹೇಳಿ!"

"ಸಂಗೀತಾ, ಗುರುವಾರ ಅಳೆದದ್ದು ಯಾರು?"

"ನಾನೇ."

"ಹೇಗೆ ಅಳೆದೆ?"

"ಹೇಗೆ ಅಂದರೆ? ಒಂದು, ಎರಡು, ಮೂರು ಅಂತ ಎಣಿಸಿದೆ."

"ಹೂಂ," ಎಂದರು. "ಗೆರೆ ಹಾಕಿದ ಮಗು?"

ವಾಣಿ ಮುಂದೆ ಬಂದಳು. ಎಂಟು ವರ್ಷದ ಹುಡುಗಿ. ಕಣ್ಣು ಊದಿಕೊಂಡಿತ್ತು. ಅಡುಗೆಮನೆಯಲ್ಲಿ ಹೊಗೆ ಅಂತ ದಿನವೂ ಹೊಸಿಲಾಚೆ ಕೂತು, ಒಳಗಿನಿಂದ ಕೇಳಿದ ಒಂದೊಂದು ಎಣಿಕೆಗೂ ಸ್ಲೇಟಿನ ಮೇಲೆ ಒಂದೊಂದು ಗೆರೆ ಎಳೆಯುವುದು ಅವಳ ಕೆಲಸ. ಗೆರೆ ಎಷ್ಟೋ ಗೋಡೆಯ ಮೇಲೆ ಚೌಕ ಅಷ್ಟೇ. ಆ ನಿಯಮ ಮಾಡಿದ್ದು ನಾನು.

ಒಂದು ನಾಚಿಕೆಗೇಡಿನ ಮಾತೂ ಹೇಳಿಬಿಡುತ್ತೇನೆ. ಬೆಳಗ್ಗೆ ಮುರುಗೇಶ್ ಆಚೆ ಹೋದ ಕೂಡಲೇ ನಾನು ಅವಳ ಕಿವಿಯಲ್ಲಿ, "ಒಂಬತ್ತಕ್ಕೂ ಒಂದೊಂದು ಚೌಕ ಸೇರಿಸಿಬಿಡೇ," ಎಂದಿದ್ದೆ. ಅವಳು ಗಳಗಳ ಅತ್ತಳೇ ಹೊರತು ಒಪ್ಪಲಿಲ್ಲ. "ನಾ ಕೇಳಿದ್ದು ನಾಲ್ಕೇ ಮಿಸ್. ಕೇಳ್ದೇ ಇರೋದ್ನ ಎಂಗೆ ಒಟ್ಸೋದು?"

"ಪಾಪಾತಿ," ಎಂದರು ಗಂಗೂಬಾಯಿ, "ಇವತ್ತಿನ ಅಕ್ಕಿ ಅಳಿ. ದಿನಾ ಹೇಗೋ ಹಾಗೇ. ವಾಣಿ, ನೀನೂ ನಿನ್ನ ಜಾಗದಲ್ಲೇ ಕೂತ್ಕೋ."

ಎಲ್ಲರೂ ಅಡುಗೆಮನೆಗೆ ಹೋದೆವು. ಪಾಪಾತಿ ಪಡಿಯನ್ನು ಕಣ್ಣಿಗೊತ್ತಿಕೊಂಡು ತುಂಬಿ ಸುರಿದಳು. "ಲಾಭ."

ವಾಣಿಯ ಬಳಪ ಅಲ್ಲಾಡಲಿಲ್ಲ.

"ಎರಡು." ಗೆರೆ. "ಮೂರು." ಗೆರೆ. "ನಾಲ್ಕು." "ಐದು."

ಪಾತ್ರೆಗೆ ಬಿದ್ದದ್ದು ಐದು ಪಡಿ. ಮುರುಗೇಶ್ ಕಣ್ಣಾರೆ ನೋಡಿದರು. ಸ್ಲೇಟಿನ ಮೇಲೆ ನಾಲ್ಕೇ ಗೆರೆ!

"ಯಾಕಮ್ಮಾ ವಾಣಿ, ಮೊದಲನೇದಕ್ಕೆ ಗೆರೆ ಇಲ್ಲ?" ಎಂದೆ.

"ಅದು ಎಣಿಕೆ ಅಲ್ವಲ್ಲ ಮಿಸ್. ಸಾಮಿಗೆ ಏಳ್ಕೊಳ್ಳೋದು. ಎಣ್ಸೋದು ಆಮೇಕಿಂದ."

ನಾನು ಹಣೆ ಚಚ್ಚಿಕೊಂಡೆ. ನಮ್ಮ ಕಣದಲ್ಲಿ ರಾಗಿ ಅಳೆಯುವಾಗ ನಮ್ಮಜ್ಜಿ ಯಾವತ್ತಾದರೂ 'ಒಂದು' ಅಂದದ್ದುಂಟೇ? ಒಂದು ಅಂದರೆ ಒಂದಕ್ಕೇ ನಿಂತುಬಿಡುತ್ತದೆ, ಲಾಭ ಅಂದರೆ ಬೆಳೆಯುತ್ತದೆ. ಮುರುಗೇಶರ ಮನೆಯಲ್ಲೂ ಅದೇ ಪದ್ಧತಿ. ನಮಗೆಲ್ಲ ಹುಟ್ಟಿನಿಂದ ಗೊತ್ತು. ಗೊತ್ತಿದ್ದುದರಿಂದಲೇ ಅದನ್ನು ಯಾರೂ ಯೋಚಿಸಲಿಲ್ಲ. ವಾಣಿಯ ಮನೆಗೆ ಬರುವುದು ರೇಷನ್ ಅಕ್ಕಿ, ಅದೂ ಕಿಲೋ ಲೆಕ್ಕದಲ್ಲಿ. ಆ ಮಗು ಪಡಿ ಅಳೆಯುವುದನ್ನು ಕಂಡದ್ದೇ ಈ ಅಡುಗೆಮನೆಯಲ್ಲಿ.

"ಗುರುವಾರ ಸಂಗೀತಾ 'ಒಂದು' ಅಂದಳು, ಗೆರೆ ಬಿತ್ತು," ಎಂದರು ಗಂಗೂಬಾಯಿ. "ಪಾಪಾತಿಯನ್ನ ಕಳ್ಳಿ ಮಾಡಿದ್ದೂ ಆ ದಿನವೇ, ಬಿಡಿಸಿದ್ದೂ ಆ ದಿನವೇ. ಇಲ್ಲಿ ಕಳ್ಳತನವೇ ಆಗಿಲ್ಲ, ಸಾರ್. ತಪ್ಪಿತಸ್ಥರು ಯಾರು ಅಂದರೆ, ನಾನು ಮತ್ತು ಸಂಗೀತಾ. ಗೆರೆ ಎಳೆಯೋದು ಕಲಿಸಿದೆವು. ಅಳೆಯೋರು ಹೇಗೆ ಎಣಿಸ್ತಾರೆ ಅಂತ ಮೊದಲು ಕೂತು ನೋಡು ಅಂತ ಕಲಿಸಲಿಲ್ಲ."

ನಾನು ತಲೆ ತಗ್ಗಿಸಿದೆ. ಬೆಳಗ್ಗೆ ಮಗುವಿಗೆ ಹೇಳಿಕೊಟ್ಟದ್ದನ್ನೂ ಒಪ್ಪಿಕೊಂಡೆ.

"ಅವಳು ನಿನ್ನ ಮಾತು ಕೇಳಿದ್ದರೆ?" ಎಂದರು ಗಂಗೂಬಾಯಿ. "ಸಾರ್ ಆಗಲೇ ನೋಡಿಯಾಗಿತ್ತು. ಪಾಪಾತಿಯೇ ತಿದ್ದಿಸಿದಳು ಅಂತಾಗೋದು. ಆಮೇಲೆ ಯಾವ ದೇವರು ಬಂದು ಹೇಳಿದರೂ ಯಾರೂ ನಂಬ್ತಿರಲಿಲ್ಲ."

ಮುರುಗೇಶ್ ಜೇಬಿನಿಂದ ದೂರಿನ ಕಾಗದ ತೆಗೆದು ಹರಿದರು. ಪಾಪಾತಿಗೆ ಎರಡೂ ಕೈ ಮುಗಿದರು. "ಮನ್ನಿಚ್ಚಿಡುಂಗಮ್ಮಾ. ವಿಚಾರಿಸದೆ ಬರೆದುಬಿಟ್ಟೆ."

"ಮಕ್ಳ ಅಕ್ಕಿಗಾಗಿ ತಾನೇ ಕೋಪ ಮಾಡ್ಕಂಡ್ರಿ ಸಾರ್, ಇರ್ಲಿ ಬುಡಿ," ಎಂದಳು ಪಾಪಾತಿ. ಗಂಗೂಬಾಯಿಯ ಕಾಲು ಮುಟ್ಟಲು ಬಾಗಿದಳು. ಅವರು ತಡೆದು, ಅವಳ ಭುಜ ಹಿಡಿದು ವಾಣಿಯ ಕಡೆ ತಿರುಗಿಸಿದರು.

ವಾಣಿ ಇನ್ನೂ ಬಿಕ್ಕುತ್ತಿದ್ದಳು. "ನನ್ನಿಂದ್ಲೇ ನಿಮ್ ಕೆಲ್ಸ ಓಗ್ತಿತ್ತು ಅವ್ವಾ."

ಪಾಪಾತಿ ಕೆಳಗೆ ಕೂತು, ಅಕ್ಕಿಯ ಧೂಳು ಮೆತ್ತಿದ ಕೈಯಲ್ಲೇ ಅವಳ ಮುಖ ಹಿಡಿದಳು.

"ಊರೆಲ್ಲ ನನ್ನ ಕಳ್ಳಿ ಅನ್ನೋ ಒತ್ನಲ್ಲಿ, ಟೀಚರೇ ಏಳಿದ್ರೂ ಸುಳ್ಳು ಒಟ್ಸಲಿಲ್ವಲ್ಲ ನೀನು. ಅದ್ಕೇ ಕಣವ್ವಾ ಇವತ್ತು ನಾನು ತಲೆ ಎತ್ಕಂಡು ಇಲ್ಲಿ ಒಲೆ ಅಚ್ತಾ ಇರೋದು."