ಹಿಂದಿನ ಬಾಗಿಲ ಗೀರು

"ಅಮ್ಮಾ, ಇನ್ನೊಂದೇ ಒಂದು ಸಲ ಮಷಿನ್ ಓಡ್ಸು. ಪ್ಲೀಸ್!"

"ಆಗಲ್ಲ ಅಂದ್ನಲ್ಲ!" ಅಮ್ಮ ಪಾಲಿಶ್ ಮಷಿನ್ನಿನ ಪ್ಲಗ್ಗನ್ನೇ ಕಿತ್ತುಬಿಟ್ಟಳು.

ಚೂಟಿಯ ಮುಖ ಸಪ್ಪಗಾಯಿತು. ಸ್ಕೂಲಿನಲ್ಲಿ ಅವಳಿಗೆ ಉದ್ದನೆಯ ಹೆಸರೊಂದು ಇತ್ತು. ಅದನ್ನು ಹಾಜರಿ ಕರೆಯುವಾಗ ಬಿಟ್ಟರೆ ಯಾರೂ ಬಳಸುತ್ತಿರಲಿಲ್ಲ.

ಎದುರಿಗೆ ನಿಂತಿದ್ದದ್ದು ಡ್ರಾಯಿಂಗ್ ಮಿಸ್ಸಿನ ಹಳೇ ನೀಲಿ ಕಾರು. ಹಳೇದು ಅಂದರೆ ಈಗ ಯಾರೂ ನಂಬುವಂತಿರಲಿಲ್ಲ! ಬೆಳಿಗ್ಗೆ ಅದು ಮಂಕು ಹಿಡಿದು ಅಮ್ಮನ ಕಾರ್ ಶೆಡ್ಡಿಗೆ ಬಂದಿತ್ತು. ಅಮ್ಮ ನೊರೆ ಹಾಕಿ ತೊಳೆದಳು. ತೊಳೆದರೂ ಕೈಗೆ ಒರಟಾಗಿ ಸಿಗುತ್ತಿದ್ದ ಕೊಳೆಯನ್ನು ಜೇಡಿಮಣ್ಣಿನಂಥ ಮೆತ್ತನೆ ಉಂಡೆಯಿಂದ ತೀಡಿ ತೀಡಿ ಎತ್ತಿದಳು. ಏಸಿಯ ಕಿಂಡಿಗಳಿಗೆ ಪೇಂಟ್ ಬ್ರಶ್ಶು, ಸೀಟಿನ ಹೊಲಿಗೆಗೆ ಹಲ್ಲುಜ್ಜುವ ಬ್ರಶ್ಶು! ಬರೀ ಕಾರು ತೊಳೆಯುವುದೇ ಬೇರೆ, ಡೀಟೇಲಿಂಗ್ ಮಾಡುವುದೇ ಬೇರೆ. ಮಷಿನ್ ಓಡಿದ ಕಡೆಯೆಲ್ಲ ಕೂದಲೆಳೆಯಂಥ ಗೀರುಗಳು ಮಂಗಮಾಯ. ಬಾನೆಟ್ಟಿನಲ್ಲಿ ಚೂಟಿ ತನ್ನ ಹಲ್ಲುಸಂದಿಯನ್ನೂ ನೋಡಿಕೊಂಡಳು.

ಆದರೆ ಹಿಂದಿನ ಬಾಗಿಲ ಮೇಲೆ ಬೆರಳುದ್ದದ ಗೀರೊಂದು ಉಳಿದುಕೊಂಡಿತ್ತು.

ಚೂಟಿಗೆ ಬಂದಿದ್ದ ಪೀಕಲಾಟವೇ ಅದು. "ನಮ್ಮಮ್ಮ ಎಂಥಾ ಗೀರಾದ್ರೂ ತೆಗೀತಾಳೆ ಮಿಸ್! ನೀವು ಕಾರು ತನ್ನಿ ಸಾಕು!" ಎಂದು ಇಡೀ ಕ್ಲಾಸಿನ ಎದುರು ಕೊಚ್ಚಿಕೊಂಡವಳು ಇವಳೇ. ಮಿಸ್ಸು ಆ ಮಾತು ನಂಬಿ ಕಾರು ತಂದುಬಿಟ್ಟಿದ್ದರು. ಇನ್ನೇನು ವಾಪಸ್ ತೆಗೆದುಕೊಂಡು ಹೋಗಲು ಬರುತ್ತಾರೆ. ಗೀರು ನೋಡಿದರೆ? ತಾನು ಬರೀ ಬಡಾಯಿಯವಳು ಅಂದುಕೊಳ್ಳುವುದಿಲ್ಲವೇ?

"ಬಾ ಇಲ್ಲಿ," ಎಂದು ಅಮ್ಮ ಪುಟ್ಟ ಮೀಟರೊಂದನ್ನು ಬಾಗಿಲಿಗೆ ಒತ್ತಿ ಹಿಡಿದಳು. "ಬಣ್ಣ ಎಷ್ಟು ದಪ್ಪ ಇದೆ ಅಂತ ಇದು ಹೇಳುತ್ತೆ. ಬೇರೆ ಕಡೆಗಿಂತ ಇಲ್ಲಿ ಅರ್ಧಾನೂ ಇಲ್ಲ ನೋಡು. ಹಿಂದೆ ಯಾರೋ ಈ ಗೀರು ತೆಗೆಯೋಕೆ ಹೋಗಿ ಸಿಕ್ಕಾಪಟ್ಟೆ ಉಜ್ಜಿದ್ದಾರೆ."

"ನೀನೂ ಸ್ವಲ್ಪ ಉಜ್ಜು!"

"ಪಾಲಿಶ್ ಅಂದ್ರೆ ರಬ್ಬರಲ್ಲಿ ಅಳಿಸೋದಾ? ಮೇಲಿನ ಪದರಾನೇ ಚೂರು ಚೂರು ಸವೆಸ್ತೀವಿ ಕಣೇ. ಇನ್ನೂ ಉಜ್ಜಿದ್ರೆ ಗೀರೂ ಹೋಗುತ್ತೆ, ಬಣ್ಣಾನೂ ಹೋಗುತ್ತೆ."

ಅಷ್ಟರಲ್ಲಿ ಫೋನು ಬಂತು. ಅಮ್ಮ ಮಾತಾಡುತ್ತ ಹೊರಗೆ ಹೋದಳು. ಚೂಟಿಯ ಕಣ್ಣು ಶೆಲ್ಫಿನಲ್ಲಿದ್ದ ಬಾಟಲಿಯ ಮೇಲೆ ಬಿತ್ತು. ಗೀರು ಮುಚ್ಚುವ ಕ್ರೀಮು! ಬಟ್ಟೆಗೆ ಒಂದಿಷ್ಟು ಹಾಕಿಕೊಂಡು ಬಾಗಿಲನ್ನು ಗುಂಡಗುಂಡಗೆ ಒರೆಸಿದಳು. ಅರೆ, ಗೀರು ಕಾಣಿಸಲೇ ಇಲ್ಲ!

ವಾಪಸ್ ಬಂದ ಅಮ್ಮ ಬಾಗಿಲಿಗೆ ಲೈಟು ಹಿಡಿದು, ಮಗಳ ಮುಖ ನೋಡಿದಳು.

"ಹಚ್ಚೋದೇನೋ ಚೆನ್ನಾಗೇ ಹಚ್ಚಿದೀಯ. ಆದ್ರೆ ಕ್ರೀಮು ಗೀರಿನೊಳಗೆ ತುಂಬ್ಕೊಂಡು ಕೂತಿದೆ, ಅಷ್ಟೇ. ನಾಲ್ಕು ಸಲ ತೊಳೆದ್ರೆ ಗೀರು ಮತ್ತೆ ಕಾಣುತ್ತೆ. ಅವತ್ತು ಮಿಸ್ಸಿಗೆ ಏನು ಹೇಳ್ತೀಯ?"

ಅಮ್ಮ ಬೈಯಲಿಲ್ಲ. ಸ್ಪ್ರೇ ಬಾಟಲಿಯನ್ನೂ ಒಗೆದ ಬಟ್ಟೆಯನ್ನೂ ಮುಂದೆ ಹಿಡಿದಳು. ಚೂಟಿಯೇ ಕ್ರೀಮನ್ನೆಲ್ಲ ಒರೆಸಿ ತೆಗೆದಳು. ಗೀರು ಮತ್ತೆ ಹಲ್ಲು ಕಿರಿಯಿತು.

ಅಮ್ಮ ಇಡೀ ಕಾರಿಗೆ ವ್ಯಾಕ್ಸ್ ಹಚ್ಚಿದಳು. ಬಿಸಿಲಿಗಾಗಲಿ ಹಕ್ಕಿ ಹಿಕ್ಕೆಗಾಗಲಿ ಬಣ್ಣ ಹಾಳಾಗದಿರಲೆಂದು ಹಚ್ಚುವ ತೆಳು ಪದರ ಅದು. ಆ ಗೀರಿನ ಹತ್ತಿರ ಬಂದಾಗ ಅವಳ ಕೈ ಇನ್ನೂ ಹಗುರವಾಯಿತು. ಚೂಟಿ ಅದನ್ನು ನೋಡಿದಳು.

ಮಿಸ್ಸು ಬಂದವರೇ ಶೆಡ್ಡಿನ ಬಾಗಿಲಲ್ಲೇ ನಿಂತುಬಿಟ್ಟರು. "ಇದು ನನ್ನ ಕಾರೇನಾ?"

ಕಾರಿನೊಳಗೆ ಕೂತು ಸ್ಟೇರಿಂಗ್ ಸವರಿದರು. "ಇದನ್ನ ಮಾರಿ ಹೊಸದು ತಗೋ ಅಂತ ಮನೇಲಿ ಒಂದೇ ಸಮ ಹೇಳ್ತಾರೆ ಮೇಡಂ. ನಂಗೆ ಇದರ ಮೇಲೇ ಜೀವ. ಇನ್ನೂ ತುಂಬಾ ವರ್ಷ ಓಡಿಸ್ಬೇಕು ಅಂತ ಆಸೆ."

ಹಿಂದಿನ ಬಾಗಿಲನ್ನು ಅವರು ನೋಡಿರಲಿಲ್ಲ. ಅಮ್ಮ ಬಟ್ಟೆಗಳನ್ನು ಮಡಚುತ್ತಿದ್ದಳು. ಸುಮ್ಮನಿದ್ದರೆ ಮಿಸ್ಸು ಹಾಗೇ ಹೊರಟುಹೋಗುತ್ತಿದ್ದರೇನೋ.

"ಮಿಸ್," ಎಂದಳು ಚೂಟಿ. "ಇಲ್ಲಿ ಬನ್ನಿ. ಈ ಗೀರು ಹೋಗಿಲ್ಲ."

ಮಿಸ್ಸು ಇಳಿದು ಬಂದು ಬಗ್ಗಿ ನೋಡಿದರು. "ಎಂಥಾ ಗೀರಾದ್ರೂ ತೆಗೀತಾಳೆ ಅಂದಿದ್ದೆಯಲ್ಲ?"

"ಅಂದಿದ್ದೆ." ಚೂಟಿಯ ಕಿವಿ ಬಿಸಿಯಾಯಿತು.

"ಹಾಗಾದ್ರೆ ನಿಮ್ಮಮ್ಮನ ಕೈಲೂ ಆಗ್ಲಿಲ್ವಾ?"

"ಆಗ್ತಿತ್ತು ಮಿಸ್! ಆದ್ರೆ ಇಲ್ಲಿ ಬಣ್ಣ ತುಂಬಾ ತೆಳು. ಇನ್ನೂ ಉಜ್ಜಿದ್ರೆ ಬಣ್ಣಾನೇ ಎದ್ದು ಹೋಗ್ತಿತ್ತು. ನೀವು ಇನ್ನೂ ತುಂಬಾ ವರ್ಷ ಓಡಿಸ್ಬೇಕಲ್ಲ? ಅದಕ್ಕೇ ಅಮ್ಮ ಬೇಕೂ ಅಂತ್ಲೇ ಬಿಟ್ಟಿದ್ದು."

ಹೇಳಿ ಮುಗಿಸಿದಾಗ ಚೂಟಿಗೇ ಆಶ್ಚರ್ಯವಾಯಿತು. ಬಡಾಯಿಯವಳು ಅನ್ನಿಸಿಕೊಳ್ಳುವ ಭಯ ಎಲ್ಲಿ ಹೋಯಿತೋ! ಕ್ಲಾಸಿನಲ್ಲಿ ಕೊಚ್ಚಿಕೊಂಡ ದಿನ ಅಮ್ಮನ ಬಗ್ಗೆ ತನಗೆ ಅರ್ಧ ಮಾತ್ರ ಗೊತ್ತಿತ್ತು ಅನ್ನಿಸಿತು. ಯಾವ ಗೀರನ್ನು ಬಿಡಬೇಕು ಅನ್ನುವುದೂ ಅಮ್ಮನಿಗೆ ಗೊತ್ತಿತ್ತು.