ಜೋಳದ ಹೊಲಕ್ಕೆ ಕಟ್ಟಿದ ರೀಲು

ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಹೋದ ವರ್ಷ ಹುಮನಾಬಾದಿನ ಗೋವರ್ಧನ ಎಂಬವರು ಬಸವಕಲ್ಯಾಣದ ಹತ್ತಿರವಿರುವ ನಮ್ಮೂರಿಗೆ ಬಂದರು. ಹಳೆಯ ಮೂಕಿ ಸಿನಿಮಾ ಹುಡುಕುವುದೇ ಅವರ ಹುಚ್ಚು. ಅವರ ಮುತ್ತಜ್ಜಿ ಒಂದು ಚಿತ್ರದಲ್ಲಿ ಪಾರ್ಟು ಮಾಡಿದ್ದರಂತೆ. ಆಕೆಯ ಒಂದು ಫೋಟೋ ಕೂಡ ಮನೆಯಲ್ಲಿಲ್ಲ. ಆ ಚಿತ್ರದ ರೀಲು ಟೆಂಟ್ ಸಿನಿಮಾದಲ್ಲಿ ಕೆಲಸಕ್ಕಿದ್ದ ನಮ್ಮಜ್ಜನ ಪೆಟ್ಟಿಗೆಯಲ್ಲಿತ್ತು. ಅದನ್ನು ನಾನು ಕತ್ತರಿಸಿ, ಹಕ್ಕಿ ಬೆದರಲೆಂದು ಜೋಳದ ಹೊಲದ ತುಂಬ ಕಟ್ಟಿದ್ದೆ.

ಅವರು ರೀಲು ಕೇಳಿದಾಗ, “ಏನ್ ರೀಲ್ ರೀಲ್ ಹಚ್ಚೀರಿ? ನಮ್ಮಲ್ಲಿ ಏನೂ ಇಲ್ಲ, ನಡೀರಿ!” ಎಂದು ರೇಗಿದೆ. ಅವರು ಹೊಲದ ದಾರಿ ಹಿಡಿದರು. ತಡೆಯಲು ಹಿಂದೆಯೇ ಓಡಿದೆ.

ಮಟಮಟ ಮಧ್ಯಾಹ್ನ. ರೀಲಿನ ಪಟ್ಟಿಗಳು ಗಾಳಿಗೆ ಬಡಿದಾಡುತ್ತಿದ್ದವು, ಆದರೆ ಸಪ್ಪಳವೇ ಇಲ್ಲ. ಎತ್ತು ಕತ್ತು ಕೊಡವಿತು, ಕೊರಳ ಗಂಟೆ ಕೇಳಲಿಲ್ಲ. ನಾನು ಕೂಗಿದ್ದು ನನಗೇ ಕೇಳಲಿಲ್ಲ. ಗೋವರ್ಧನ ಮಾತ್ರ ಆ ಪಟ್ಟಿಗಳತ್ತ ಕಿವಿಗೊಟ್ಟು ತಲೆಯಾಡಿಸುತ್ತಿದ್ದರು.

ಬದು ದಾಟಿದ ಮೇಲೆ ಸಪ್ಪಳ ಮರಳಿತು.

“ತಪ್ಪಾತ್ರಿ, ನಾನೇ ಕತ್ತರಿಸೀನಿ” ಎಂದು ತಲೆ ತಗ್ಗಿಸಿದೆ.

“ಕಾಕಾ, ಕತ್ತರಿಸುವಾಗ ನಮ್ಮ ಮುತ್ತಜ್ಜಿ ಮುಖ ನೋಡಿ ‘ಮೂಕ ಮುಂಡೆ, ಹಕ್ಕೀನರ ಓಡಸು’ ಅಂದಿದ್ರೇನ್ರಿ?”

ಅಂದಿದ್ದೆ. ಕತ್ತರಿಸಿದ ಆ ದಿನ ಮನೆಯಲ್ಲಿ ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ.